ಮೀಸೆಮೀನಿನ ನೆಂಟ

ಇಲ್ಲ ಭಾವ, ನೀನು ಎಷ್ಟೇ ಮುಖ ತಿರುಗಿಸ್ಕೊಂಡು ಕೂತ್ರೂ ನಾನು ಬಿಡಲ್ಲ! ಹೊಳೆಯಾಚೆ ಗ್ಯೋತೊಕು ಊರಿಗೆ ಹೋಗೋ ದೋಣಿ ಬರ್ಲಿ, ಹೋಗ್ಲಿ, ನೀನು ಮಾತ್ರ ಹತ್ತಕೂಡದು. ಸ್ವಲ್ಪ ಸರಿ ಅತ್ಲಾಗೆ, ನಾನೂ ಕೂತ್ಕೋತೀನಿ. ಓಡಿ ಓಡಿ ಪಕ್ಕೆ ಹಿಡ್ಕೊಂಡಿದೆ… ಅಕ್ಕನೇ ಕಳ್ಸಿದ್ದು. "ಜಿನ್‌ಪಾಚಿ, ನಿಮ್ಮ ಭಾವ ಗಾರೆ ಕರಣೆಯ ಗಂಟು ಕಟ್ಕೊಂಡು ಹೊರಟೇಬಿಟ್ರು ಕಣೋ, ಹಿಡ್ಕೊಂಡು ಬಾರೋ" ಅಂತ ಹೊಸಿಲ ಮೇಲೇ ಕುಸಿದು ಕೂತಿದ್ಲು. ಒಲೆ ಮೇಲೆ ಅನ್ನ ಸೀದು ಹೋಗ್ತಿತ್ತು, ಅವಳಿಗೆ ಗ್ಯಾನವೇ ಇಲ್ಲ.

ಈ ಎದೋ ಊರಲ್ಲಿ ನೆಟ್ಟಗೆ ನಿಂತಿರೋ ಗೋಡೆ ಒಂದಿದ್ಯಾ ಭಾವ? ಭೂಮಿ ನಡುಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಗಾರೆ ಕೆಲಸದವರನ್ನ ಜನ ಕೈಕಾಲು ಹಿಡ್ದು ಕರೀತಿದ್ದಾರೆ. ಅಂಥಾದ್ರಲ್ಲಿ ಗಾರೆ ಕುಮಾಜೋ ಅಂತ ಹೆಸರಾದ ನೀನು ಕೂಲಿ ಹುಡುಕ್ಕೊಂಡು ಹೊಳೆ ದಾಟೋದಾ! ಕೇಳಿದವರು ನಗಲ್ವಾ?

…ಸರಿ. ನಗ್ತಾನೇ ಇದ್ದಾರೆ. ಅದಕ್ಕೇ ಹೊರಟಿದ್ದೀಯ. ತಪ್ಪಾಯ್ತು, ಬಾಯಿಗೆ ಬಂದಿದ್ದು ಅಂದೆ.

ಆದ್ರೂ ಒಂದು ಚಿತ್ರಕ್ಕಾ ಭಾವ! ಒಂದು ಹಾಳೆ ಚಿತ್ರಕ್ಕೆ! ನೆಲದಡಿ ಮಲಗಿರೋ ಮೀಸೆಮೀನು ಬಾಲ ಒದರಿದ್ರೆ ಭೂಮಿ ನಡುಗುತ್ತೆ ಅಂತ ನಮ್ಮಜ್ಜಿಯರು ಹೇಳ್ತಿದ್ರಲ್ಲ, ಈಗ ಯಾವ ಸುದ್ದಿಹಾಳೆ ಅಂಗಡಿ ಮುಂದೆ ನಿಂತ್ರೂ ಆ ಮೀನೇ. ಮೀನಿಗೆ ದೊಣ್ಣೇಲಿ ಬಡಿಯೋರು, ಮೀನಿಗೆ ಕೈ ಮುಗಿಯೋರು, ಸಾಹುಕಾರನ ಬೆನ್ನಿಗೆ ಗುದ್ದಿ ನುಂಗಿದ ಚಿನ್ನ ಕಕ್ಕಿಸೋ ಮೀನು… ಅಂಥಾ ನೂರರಲ್ಲಿ ಇದೂ ಒಂದು. ಮೀನನ್ನ ಮಧ್ಯೆ ಕೂರಿಸ್ಕೊಂಡು ಬಡಗಿ, ಹೆಂಚಿನವನು, ಗಾರೆಯವನು ಕುಡೀತಾರೆ. "ಇನ್ನೊಂದ್ಸಲ ಬಾಲ ಆಡ್ಸಪ್ಪಾ ಧಣಿ, ಕೈತುಂಬ ಕೂಲಿ ಸಿಗ್ಲಿ" ಅಂತ ಬಟ್ಟಲು ಚಾಚ್ತಾರೆ. ಹಿಂದುಗಡೆ ಕೋಟೆಯ ದೊರೆಗಳು ಹಾಸಿಗೆ ಕೆಳಗೆ ತಲೆ ತೂರಿಸ್ಕೊಂಡಿದ್ದಾರೆ, ಕುಂಡೆ ಮಾತ್ರ ಆಚೆ! ಜನ ಮುಗಿಬಿದ್ದು ಕೊಂಡಿದ್ದು ಆ ಕುಂಡೆಗಳಿಗೆ ಭಾವ, ಆಣೆಗೂ! ಮೂಲೇಲಿ ಕೂತು ಮುರುಕು ಹಲ್ಲು ಕಾಣೋ ಹಾಗೆ ನಗೋ ಗಾರೆಯವನಿಗೆ ನಿನ್ನ ಮುಖ ಇದೆ ಅಂತ ಯಾರು ನೋಡ್ತಾರೆ?

…ನೋಡಿದ್ರು. ನಮ್ಮ ಓಣಿಯವರು ನೋಡಿದ್ರು.

"ಮೀಸೆಮೀನಿನ ನೆಂಟ ಬಂದ" ಅಂತ ಹುಡುಗರು ಕೂಗೋದು ನಂಗೂ ಕೇಳ್ಸಿದೆ. ಹುಡುಗರು ಬಿಡು. ಆ ಓಹಿಸಾ ಅಜ್ಜಿ… ಅವಳ ಗೋಡೆಗೆ ನೀನು ಬಿಡಿಗಾಸು ಮುಟ್ಟದೆ ಗಾರೆ ಬಳೀತಿದ್ದೆ. ಅವಳೇ ಬಂದು ಮುಸುರೆ ನೀರು ಎರಚಿದ್ಲು. "ನನ್ನ ಮಗ ತೊಲೆ ಕೆಳಗೆ ಸಿಕ್ಕಿ ಸುಟ್ಟುಹೋದ, ನಿಂಗೆ ಆ ಮೀನಿನ ಜೊತೆ ಹೆಂಡ ಬೇಕಾಯ್ತೇನೋ?" ನೀನು ಮುಖ ಒರೆಸ್ಕೊಂಡು, ಉಳಿದಿದ್ದ ಮೂಲೇನೂ ಬಳಿದು ಮುಗಿಸಿ, ಆಮೇಲೆ ಮನೆಗೆ ಬಂದೆ. ಅಕ್ಕ ಹೇಳಿದ್ಲು.

ಆ ಚಿತ್ರ ಬರೆದೋನು ನನ್ನ ಕೈಗೆ ಸಿಗ್ಬೇಕು ಭಾವ. ಒಂದೊಂದೇ ಬೆರಳು ಲಟಲಟ ಮುರೀತೀನಿ!

…ಯಾಕೆ ನನ್ನ ಬೆರಳು ನೋಡ್ತೀಯ? ಮಸಿಯಾ? ಇದು… ಹೊಸ ವರ್ಷದ ಗಾಳಿಪಟಕ್ಕೆ ಹುಲಿ ಬರೀತಿದ್ದೀನಲ್ಲ, ಅದರದ್ದು. ಚಿತ್ರ ಬರೆಯೋರು ಈ ಊರಲ್ಲಿ ನಾನೊಬ್ಬನೇನಾ? ಆ ಹಾಳೆಗಳ ಮೇಲೆ ಯಾರೂ ಹೆಸರು ಹಾಕಲ್ಲ. ದೊರೆಗಳನ್ನ ಗೇಲಿ ಮಾಡಿದ್ದಕ್ಕೆ ಅಧಿಕಾರಿಗಳು ಅಂಗಡಿಗೆ ನುಗ್ಗಿ ಅಚ್ಚಿನ ಹಲಗೆ ಒಡೀತಿದ್ದಾರೆ, ಬರೆದೋನು ಸಿಕ್ರೆ ಕೈಕೋಳ. ಹೆಸರು ಹಾಕ್ತಾರಾ? ಯಾವನೋ ಬರೆದ. ಮುಂದಿನ ಹಲ್ಲು ಮುರಿದ ಗಾರೆಯವರು ಇನ್ನೆಷ್ಟು ಜನ ಇಲ್ಲ! ಇಲ್ಲಾ ಯಾವ್ದೋ ಹೆಂಡದಂಗಡೀಲಿ ನೀನು ನಗೋದು ನೋಡಿ…

…ಹೌದು. ನೀನು ಹೆಂಡದಂಗಡಿಗೆ ಹೋಗಲ್ಲ.

ಮದುವೆಯಲ್ಲೋ, ಹಬ್ಬದಲ್ಲೋ… ಅಲ್ಲೂ ನೀನು ಬಾಯಿಗೆ ಕೈ ಅಡ್ಡ ಹಿಡ್ಕೊಂಡೇ ನಗೋದು. ಆ ಮುರುಕು ಹಲ್ಲು ತೋರಿಸೋಕೆ ನಿಂಗೆ ನಾಚಿಕೆ. ಮದುವೆಯಾಗಿ ಒಂದು ವರ್ಷ ಅಕ್ಕನೇ ನೋಡಿರ್ಲಿಲ್ವಂತೆ…

ಏನಾದ್ರೂ ಮಾತಾಡು ಭಾವ. ಹೀಗೆ ನೋಡ್ಬೇಡ.

ಬೈಯಾದ್ರೂ ಬೈ…

ಭೂಮಿ ನಡುಗಿದ ರಾತ್ರಿ ಕಳೆದು ಬೆಳಕು ಹರೀತಿತ್ತು. ನನ್ನ ಎದೆ ಮೇಲೆ ತೊಲೆ, ಬಾಯ್ತುಂಬ ಮಣ್ಣು. ಮೂರು ಮನೆ ಆಚೆ ಬೆಂಕಿ. ಎಲ್ಲರೂ ಓಡಿಹೋಗಿದ್ರು. ಮೇಲೆ ಯಾರೋ ಹೆಂಚು ಕೀಳೋ ಸದ್ದು. "ಭಾವ" ಅಂದೆ, ಅಂದ್ನೋ ಇಲ್ವೋ. ಮಣ್ಣು ಜಾರಿ ನಿನ್ನ ಮುಖ ಕಾಣಿಸ್ತು. ನೀನು ಎರಡು ಕೈಲೂ ತೊಲೆ ಎತ್ತಿ ಹಿಡ್ದಿದ್ದೆ, ಉಗುರು ಕಿತ್ತು ರಕ್ತ ಸುರೀತಿತ್ತು. ನಾನು ಬದುಕಿದ್ದೀನಿ ಅಂತ ಕಂಡ ತಕ್ಷಣ ನೀನು ನಕ್ಕುಬಿಟ್ಟೆ. ಬಾಯಿ ಮುಚ್ಕೊಳ್ಳೋಕೆ ಕೈಯೇ ಇರ್ಲಿಲ್ಲ. ಕಣ್ಣಲ್ಲಿ ನೀರು, ಬಾಯಿ ಹೀಗೆ ಅಗಲ…

ಆ ನಗು ನೋಡಿದೋನು ಈ ಪ್ರಪಂಚದಲ್ಲಿ ನಾನೊಬ್ಬನೇ.

ಹೌದು. ನಾನೇ ಬರೆದೆ.

ಬೇಕೂಂತ ಅಲ್ಲ ಭಾವ! ಮೊದಲು ಬರೆದಿದ್ದನ್ನ ಅಂಗಡಿ ಯಜಮಾನ ಮುಖಕ್ಕೆ ಎಸೆದ. "ಇವರೇನು ಸಾವಿಗೆ ಬಂದೋರೇನಯ್ಯಾ? ಖುಷಿ ಬೇಕು, ಹೊಟ್ಟೆ ಬಿರಿಯೋ ಖುಷಿ!" ಎಲ್ಲಿ ಹುಡುಕಲಿ ಖುಷೀನ? ಬೀದಿ ತುಂಬ ಹೆಣ ಹೊರೋರ ಮುಖ. ಕಣ್ಣು ಮುಚ್ಚಿದ್ರೆ ಒಂದೇ ಒಂದು ಖುಷಿ ಮುಖ ಬಂತು. ಕುಂಚ ತಾನಾಗೇ ಓಡಿಬಿಡ್ತು…

ಅಲ್ಲ. ಸುಳ್ಳು. ತಾನಾಗೇ ಅಲ್ಲ. ಬರೆದಾದ್ಮೇಲೆ ನೋಡ್ದೆ. ನೀನೇ ಅಂತ ಗೊತ್ತಾಯ್ತು. ಮೂಗಿಗೆ ಒಂದು ಗೆರೆ, ಹಲ್ಲಿಗೆ ಒಂದು ಗೆರೆ, ಅಷ್ಟು ಸಾಕಿತ್ತು, ನೀನು ಬೇರೆ ಯಾರೋ ಆಗಿಬಿಡ್ತಿದ್ದೆ. ಎಳೀಲಿಲ್ಲ. ಚಿತ್ರ ಅಷ್ಟು ಚೆನ್ನಾಗಿ ಬಂದಿತ್ತು ಭಾವ! ನನ್ನ ಜನ್ಮದಲ್ಲಿ ಅಂಥಾ ಮುಖ ಬರೆದಿರ್ಲಿಲ್ಲ. ಕೆಡಿಸೋಕೆ ಮನಸ್ಸು ಬರ್ಲಿಲ್ಲ. ನಿನ್ನ ಮಾನಕ್ಕಿಂತ ಆ ಚಿತ್ರ…

…ನಿಂಗೆ ಆಶ್ಚರ್ಯವೇ ಆಗ್ಲಿಲ್ವಾ?

ತಲೆ ಆಡಿಸ್ತೀಯ… ಗೊತ್ತಿತ್ತಾ? ಮೊದಲ ದಿನದಿಂದ? ಅಂದ್ರೆ… ಓಣಿ ಮುಖಂಡ ನಿನ್ನ ನಿಲ್ಲಿಸ್ಕೊಂಡು, "ನಿನ್ನ ಮುಖ ಇಷ್ಟು ಚೆನ್ನಾಗಿ ಬಲ್ಲೋನು ಯಾರಯ್ಯಾ, ಮೇಲಿನೋರು ಕೇಳ್ತಿದ್ದಾರೆ" ಅಂದಾಗ ನೀನು ತಲೆ ತಗ್ಗಿಸಿ ಸುಮ್ಮನಿದ್ದೆ. ನಾನು ಅಲ್ಲೇ ಜನರ ಹಿಂದೆ ನಿಂತಿದ್ದೆ. ಪಕ್ಕದವನ ಜೊತೆ ಸೇರಿ "ಪಾಪ" ಅಂತ ಲೊಚಗುಟ್ಟಿದೆ ಭಾವ. ಅಕ್ಕನಿಗೂ ಹೇಳಿಲ್ಲ ನೀನು. ನೀನು ಊರು ಬಿಟ್ರೆ ಕೇಳೋರೂ ಸುಮ್ಮನಾಗ್ತಾರೆ, ನನ್ನ ಕೈಗೆ ಕೋಳ ಬೀಳಲ್ಲ. ಅದಕ್ಕೇ ಈ ಗಂಟು. ಅಲ್ವಾ?

ಬೇಡ. ನಾನೀಗ್ಲೇ ಹೋಗ್ತೀನಿ. ಮುಖಂಡನ ಬಾಗಿಲಿಗೆ ಹೋಗಿ ಹೇಳ್ತೀನಿ. ಓಹಿಸಾ ಅಜ್ಜಿ ಕಾಲಿಗೆ ಬೀಳ್ತೀನಿ. ನೋಡು, ಎದ್ದೆ. ಹೊರಟೆ…

…ಏನು ಹಾಗೆ ನೋಡ್ತೀಯ? ನೀನು ತೋಳು ಹಿಡ್ದು ನಿಲ್ಲಿಸ್ತೀಯ ಅಂತ ಕಾಯ್ತಿದ್ದೀನಿ ಅಂದ್ಕೊಂಡ್ಯಾ?

…ಹೌದು ಭಾವ. ಕಾಯ್ತಿದ್ದೆ.

ಬಂತು ದೋಣಿ. ಏ ಅಂಬಿಗಣ್ಣ, ಸ್ವಲ್ಪ ತಡಿ… ಇಲ್ಲ, ತಡೀಬೇಡ. ಭಾವ, ಹತ್ಬೇಡ ಅನ್ನೋಕೆ ನಂಗೆ ಬಾಯಿಲ್ಲ. ನಿನ್ನಿಷ್ಟ…

ಹೋಯ್ತು. ನೀನು ಏಳ್ಲಿಲ್ಲ.

ನಡಿ ಹಾಗಾದ್ರೆ. ಆ ಗಂಟು ಇತ್ಲಾಗೆ ಕೊಡು. ಓಣಿ ತಿರುವಲ್ಲಿ ಹುಡುಗರು ಕೆಸರು ಹಿಡ್ಕೊಂಡು ನಿಂತಿರ್ತಾರೆ, ನಾನು ಬರೋವಾಗ್ಲೇ ನಿಂತಿದ್ರು. ಬೇಡ, ನೀನು ಹಿಂದೆ ಬಾ ಭಾವ. ನಾನು ಮುಂದೆ ನಡೀತೀನಿ.