ಬಿಟ್ಟುಹೋದ ಚರಣಕ್ಕೊಂದು ವಂದನಾರ್ಪಣೆ

ವೇದಿಕೆಯ ಮೇಲಿರುವ ಉತ್ಸವ ಸಮಿತಿಯ ಅಧ್ಯಕ್ಷರಾದ ಗಣಪಯ್ಯನವರೇ, ಈಗಷ್ಟೇ ಶಾಲು ಹೊದ್ದು ಕುಳಿತಿರುವ ಗಾಯಕ ಶಿವಪ್ರಸಾದರೇ, ಮೂರು ದಿನ ಬೆನ್ನು ನೋವನ್ನು ಲೆಕ್ಕಿಸದೆ ಹೊಸ ಕೃತಿಗಳನ್ನು ಕೇಳಿದ ಸಭಿಕರೇ,

ಘಟ ನುಡಿಸುವ ಮೂರ್ತಪ್ಪ ನಾನು. ನನಗೆ ವಂದನಾರ್ಪಣೆಯ ಕೆಲಸ ಕೊಟ್ಟಿದ್ದಾರೆ. ಐದು ನಿಮಿಷ ಸಾಕು ಎಂದಿದ್ದಾರೆ. ಆದರೆ ವಂದನೆ ಯಾರಿಗೆ ಸಲ್ಲಬೇಕೆಂದು ಮೊದಲು ತೀರ್ಮಾನವಾಗಬೇಕಲ್ಲ? ಅದಕ್ಕೊಂದು ಕಥೆ ಹೇಳಲೇಬೇಕು.

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮಕ್ಕ ಚೌಡಮ್ಮ, ಹೋದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಇದೇ ಉತ್ಸವ ಮುಗಿದ ವಾರ. ಅಕ್ಕ ಇರುವುದು ಭದ್ರಾವತಿ ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯವರೇ ಪುಷ್ಪಮ್ಮ. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ, ಕೃತಿ ಕಟ್ಟುತ್ತಾರೆ. ಮನೆಯ ಶ್ರುತಿಪೆಟ್ಟಿಗೆ ಕೆಟ್ಟಾಗ ಮಧ್ಯಾಹ್ನದ ಪಾಳಿಯ ಸೈರನ್ ಕೂಗುವುದನ್ನೇ ಕಾಯುತ್ತಿದ್ದರಂತೆ. ಅದು ಏರಿ ಒಂದು ಕಡೆ ನಿಲ್ಲುತ್ತದಲ್ಲ, ಅಲ್ಲಿಗೆ ಷಡ್ಜ ಹಿಡಿದುಬಿಡುವುದು. ಊರಿಗೆಲ್ಲ ಕೆಲಸಕ್ಕೆ ಕರೆ, ಅವರಿಗೆ ಮಾತ್ರ ತಂಬೂರಿ.

ಹಾಗೆ ಕಟ್ಟಿದ ಒಂದು ಕೃತಿ ರೀತಿಗೌಳದಲ್ಲಿದೆ. ಪಲ್ಲವಿಯನ್ನು ನೀವೆಲ್ಲ ಬಲ್ಲಿರಿ: ‘ಹರಿವ ನೀರೇ, ನಿನ್ನೂರು ಯಾವುದು?’ ಹೋದ ವರ್ಷ ಈ ಉತ್ಸವಕ್ಕೆಂದು ಪಲ್ಲವಿ, ಅನುಪಲ್ಲವಿ, ಚರಣ ಮೂರನ್ನೂ ತಾವೇ ಹಾಡಿ ಕ್ಯಾಸೆಟ್ ಕಳಿಸಿದ್ದರು. ಸಮಿತಿಯವರು ಅದನ್ನು ಶಿವಪ್ರಸಾದರಿಗೆ ಕೊಟ್ಟರು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಕೃತಿ ಕಟ್ಟಿದವರು ಹಾಡಿನ ಮೇಲೆ ಹೆಸರು ಕೆತ್ತುವುದಿಲ್ಲ. ಕೊನೆಯ ಚರಣದಲ್ಲಿ ದೇವರ ಹೆಸರಿನ ಒಂದು ಅಂಕಿತ ಇಟ್ಟು ಸುಮ್ಮನಾಗುತ್ತಾರೆ. ಅದೇ ಅವರ ಗುರುತು. ಪುಷ್ಪಮ್ಮನ ಅಂಕಿತ ‘ಭದ್ರೇಶ’. ಈಗ ಹಾಡುವವರ ಪದ್ಧತಿ ನೋಡಿ. ಪಲ್ಲವಿ ಹಾಡುತ್ತಾರೆ, ಅನುಪಲ್ಲವಿಯಲ್ಲಿ ಸ್ವರ ಹಾಕುತ್ತಾರೆ, ಚಪ್ಪಾಳೆ ಬೀಳುತ್ತದೆ, ಸಮಯ ಮುಗಿಯುತ್ತದೆ. ಚರಣ ಯಾರಿಗೆ ಬೇಕು? ಶಿವಪ್ರಸಾದರು ಹೋದ ವರ್ಷ ಹಾಗೇ ಮಾಡಿದರು. ನೀರಿಗೆ ಪ್ರಶ್ನೆ ಕೇಳಿದರು, ಉತ್ತರ ಬಿಟ್ಟು ಎದ್ದರು. ಸಭೆ ಕುಣಿದಾಡಿತು. ಹಾಡು ಯಾರದೆಂದು ಒಬ್ಬರೂ ಕೇಳಲಿಲ್ಲ.

ಪುಷ್ಪಮ್ಮನ ಜೊತೆ ಕೇಳಲು ಬಂದಿದ್ದ ನಮ್ಮಕ್ಕ ಮಾತ್ರ ಊರಿಗೆ ಮರಳುವ ಬಸ್ಸಿನಲ್ಲೇ ಶುರುಮಾಡಿದಳಂತೆ. “ಅಲ್ಲ ಕಣೇ ಪುಷ್ಪಾ, ಬಾಯಿಬಿಟ್ಟು ಕೇಳೋಕೇನು ರೋಗ ನಿಂಗೆ?”

“ಯಾರ ಸೊಂಟದ ಮೇಲಿದ್ರೇನು ಮಾರಾಯ್ತಿ, ಕೂಸು ನಗ್ತಾ ಇದ್ಯಲ್ಲ, ಸಾಕು ಬಿಡು” ಎಂದರಂತೆ ಪುಷ್ಪಮ್ಮ.

“ನಗ್ತಾ ಇದೆ, ಸರಿ. ಕಾಲು ಕತ್ತರಿಸಿ ಎತ್ಕೊಂಡಿದಾರಲ್ಲ, ಅದು ಕಾಣ್ಲಿಲ್ವಾ?”

ಪುಷ್ಪಮ್ಮ ಆಮೇಲೆ ಭದ್ರಾವತಿ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರಂತೆ.

ಸಭಿಕರೇ, ನನಗೆ ಈ ಸಂಕಟ ಸ್ವಲ್ಪ ಗೊತ್ತು. ಹಳ್ಳಿಯಲ್ಲಿ ಅಜ್ಜಿ ಕಥೆ ಮುಗಿಸುವಾಗ ‘ಇದು ನಮ್ಮವ್ವ ಹೇಳಿದ್ದು, ಅವಳಿಗೆ ಅವಳವ್ವ ಹೇಳಿದ್ದು’ ಎಂದು ಹೇಳದೆ ಏಳುತ್ತಿರಲಿಲ್ಲ. ಓದುಬರಹ ಬಾರದವಳಿಗೆ ಇದ್ದ ಆ ಮರ್ಯಾದೆ ಪಟ್ಟಣಕ್ಕೆ ಬಂದ ಮೇಲೆ ನನಗೆ ಕಾಣಲಿಲ್ಲ. ಮೂವತ್ತು ವರ್ಷದಿಂದ ಕರೆಯೋಲೆಗಳಲ್ಲಿ ನನ್ನ ಹೆಸರು ‘ಮತ್ತು ಸಂಗಡಿಗರು’. ನನ್ನ ಮದುವೆಯ ಕರೆಯೋಲೆಯಲ್ಲೂ ಹಾಗೇ ಅಚ್ಚಾಗುತ್ತದೇನೋ ಎಂದು ನನ್ನ ಹೆಂಡತಿ ಹೆದರಿದ್ದಳು. ನಗಬಹುದು, ನಾನೂ ನಗುತ್ತೇನೆ. ಮನೆಗೆ ಹೋಗಿ ಘಟವನ್ನು ಬಟ್ಟೆಯಲ್ಲಿ ಸುತ್ತಿಡುವಾಗ ಮಾತ್ರ ನಗು ಬರುವುದಿಲ್ಲ. ಇರಲಿ, ಅದು ನನ್ನ ಮಾತಾಯಿತು.

ಈ ವರ್ಷದ ಕರೆಯೋಲೆ ಬಂತು. ಅದರಲ್ಲಿ ‘ಹರಿವ ನೀರೇ’ ಶಿವಪ್ರಸಾದರ ಜನಪ್ರಿಯ ರಚನೆ! ಸಾಲದ್ದಕ್ಕೆ ಅವರಿಗೇ ಶ್ರೇಷ್ಠ ಕೃತಿಕಾರ ಸನ್ಮಾನ! ನಾನು ಕೋಟೆಯ ಹತ್ತಿರದ ಅಧ್ಯಕ್ಷರ ಮನೆಗೆ ಹೋಗಿ, ಚರಣ ಹಾಡಿಸಿ ಸ್ವಾಮಿ, ಮಿಕ್ಕಿದ್ದನ್ನು ಅದೇ ಹೇಳುತ್ತದೆ ಎಂದೆ.

“ಸಮಯ ಎಲ್ಲಿದೆ ಮೂರ್ತಪ್ಪನೋರೇ? ಎಲ್ಲರ ಚರಣ ಹಾಡಿಸ್ತಾ ಕೂತ್ರೆ ಮುಗಿಯೋದ್ಯಾವಾಗ?” ಎಂದರು.

ಸಮಯ ಇರಲಿಲ್ಲವೇ? ಸ್ವಾಗತ ಭಾಷಣಕ್ಕೆ ಸಮಯವಿತ್ತು. ಹಾರ ಹಾಕುವಾಗ ಫೋಟೋದವನು ರೀಲು ಬದಲಿಸಲಿ ಎಂದು ಹಾರ ತೆಗೆದು ಮತ್ತೆ ಹಾಕುವುದಕ್ಕೂ ಸಮಯವಿತ್ತು. ಹಾಡು ಹೆತ್ತವಳ ಒಂದು ಸಾಲಿಗೆ ಸಮಯವಿರಲಿಲ್ಲ!

ನಿನ್ನೆ ಸಂಜೆ ನಡೆದದ್ದನ್ನು ನೀವೇ ಕಂಡಿರಿ. ಶಿವಪ್ರಸಾದರು ಅದೇ ‘ಹರಿವ ನೀರೇ’ ಹಾಡಿದರು, ಘಟಕ್ಕೆ ನಾನಿದ್ದೆ. ಅನುಪಲ್ಲವಿಯಾಯಿತು, ಸ್ವರವಾಯಿತು, ಮೃದಂಗದವರು ಮುಕ್ತಾಯ ಕೊಟ್ಟರು. ನಾನು ಘಟ ನಿಲ್ಲಿಸಲಿಲ್ಲ. ತಾಳ ಬಿಡದೆ ಹೋದೆ. ಶಿವಪ್ರಸಾದರು ತಿರುಗಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಚರಣ ಎತ್ತಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಎತ್ತಲು ಬಂದರೆ ತಾನೆ? ಕ್ಯಾಸೆಟ್ಟನ್ನು ಚರಣದವರೆಗೆ ಅವರು ಕೇಳಿಯೇ ಇರಲಿಲ್ಲ. ‘ಜನಪ್ರಿಯ ರಚನೆ’ಯ ಒಡೆಯರು ತಮ್ಮದೇ ರಚನೆ ಬಾರದೆ ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆವರ್ತನದ ಮೇಲೆ ಆವರ್ತನ ಖಾಲಿ ಹೋಗುತ್ತಿತ್ತು. ಆಗ ಸಭೆಯ ನಡುವಿನಿಂದ, ಕುಳಿತಲ್ಲೇ, ಮೊಣಕಾಲಿನ ಮೇಲೆ ತಾಳ ಹಾಕುತ್ತ ಒಬ್ಬ ಹೆಂಗಸು ಎತ್ತಿಕೊಂಡರು:

‘ಬಾಯಾರಿ ಬಂದವರ ಬೊಗಸೆಯೇ ನನ್ನೂರು,
ಭದ್ರೇಶ ಬಲ್ಲ ನನ್ನ ಹೆಸರು.’

ಮೈಕಿಲ್ಲದ ದನಿ. ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. ಆ ಹೆಂಗಸು ಯಾರೆಂದು ನಮ್ಮಕ್ಕ ಸುತ್ತಲಿನವರಿಗೆಲ್ಲ ಹೇಳಿಯೂ ಆಯಿತು.

ಸಮಿತಿಯವರು ಇದನ್ನು ಅಶಿಸ್ತು ಎಂದರು. ಈ ವಂದನಾರ್ಪಣೆ ಮೊದಲೇ ಒಪ್ಪಿಸಿದ್ದರಿಂದ ಉಳಿಯಿತು, ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲವಂತೆ. ಬೇಡ. ಆದರೆ ಅಷ್ಟೆಲ್ಲ ಆದ ಮೇಲೂ ಆ ಶಾಲನ್ನು ಈಗ, ನಿಮ್ಮ ಕಣ್ಣೆದುರಿಗೇ, ಅದೇ ಭುಜಕ್ಕೆ ಹೊದಿಸಿದರಲ್ಲ, ಅದು ಯಾವ ಶಿಸ್ತು? ಹೇಳಿ ಗಣಪಯ್ಯನವರೇ. ಗಡಿಯಾರ ನೋಡಿಕೊಳ್ಳಬೇಡಿ, ಮುಗಿಸುತ್ತೇನೆ.

ಸಮಿತಿಗೆ ವಂದನೆ, ಸಭಾಂಗಣ ಕೊಟ್ಟವರಿಗೆ ವಂದನೆ, ಉಪ್ಪಿಟ್ಟು ಮಾಡಿದ ಕೃಷ್ಣಪ್ಪನವರಿಗೆ ವಂದನೆ. ಕೊನೆಗೆ ‘ಮತ್ತಿತರರಿಗೆ’ ಎಂದು ಸೇರಿಸಲು ಹೇಳಿದ್ದಾರೆ. ನಾನು ಸೇರಿಸುವುದಿಲ್ಲ. ನನ್ನ ದೊಡ್ಡ ವಂದನೆ ಇವತ್ತು ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದ ನಿಮಗೆ.

ನಾನು ಲೋಟ ಹಿಡಿದು ಕಂಬಕ್ಕೊರಗಿ ನೋಡುತ್ತಿದ್ದೆ. ಪುಷ್ಪಮ್ಮ ಸಾಲಿನ ಕೊನೆಯಲ್ಲಿದ್ದರು. ರಾಗಿಗುಡ್ಡದ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಮೊದಲು ಹೋಗಿ, “ಅಮ್ಮಾ, ಆ ಕೊನೇ ನುಡಿ ಇನ್ನೊಂದ್ಸಲ ಹೇಳ್ಕೊಡ್ತೀರಾ?” ಎಂದಳು. ಅವಳ ಹಿಂದೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಸಾಲು ಉಪ್ಪಿಟ್ಟಿನ ಕಡೆಗೆ ಬೆನ್ನು ಹಾಕಿ ತಿರುಗಿ ನಿಂತಿತು. ಶಿವಪ್ರಸಾದರೇ, ನೀವೂ ಅಲ್ಲೇ ಇದ್ದಿರಿ, ಚಟ್ನಿ ಹಾಕಿಸಿಕೊಂಡು ಹೊರಟುಬಿಟ್ಟಿರಿ. ತಟ್ಟೆ ಹಿಡಿದವರು ತಟ್ಟೆಯ ಅಂಚಿನ ಮೇಲೇ ತಾಳ ಹಾಕಿದರು. ಪುಷ್ಪಮ್ಮ ಒಂದು ಸಾಲು ಹೇಳಿಕೊಟ್ಟು, “ಇಷ್ಟು ಸಾಕು, ನಿಮ್ಮ ತಿಂಡಿ ಆರೋಗುತ್ತೆ” ಎಂದು ನಿಲ್ಲಿಸಿದರು. ಒಬ್ಬರೂ ಕದಲಲಿಲ್ಲ.

“ಆರಲಿ ಬಿಡಿ,” ಎಂದಿತು ಸಾಲು. “ಅಂಕಿತ ಹೇಳಿ.”

ಹೇಳಿದರು. ಎಲ್ಲರೂ ಹಾಡಿದಿರಿ. ಹಾಗೆ ಹಾಡಿದ ನಿಮಗೆಲ್ಲ ಈ ಘಟದವನ ನಮಸ್ಕಾರ.