ಉಪ್ಪಿಲ್ಲದ ಬಟ್ಟಲು

ಒಂದು ಊರು. ಆ ಊರಿಗೆ ಒಬ್ಬ ಸಾಹುಕಾರ. ಎಷ್ಟು ದೊಡ್ಡ ಸಾಹುಕಾರ? ಅವನು ಇಲ್ಲಿ ಕೆಮ್ಮಿದರೆ ಸಮುದ್ರದಾಚೆಯ ಪೇಟೆಯಲ್ಲಿ ಬೆಲೆ ಬೀಳುತ್ತಿತ್ತು. ಅಷ್ಟು ದೊಡ್ಡವನು. ಅವನ ಮನೆಯಲ್ಲಿ ಅಡುಗೆಯವನೊಬ್ಬ ಇದ್ದ. ನಮ್ಮ ಕಥೆ ಸಾಹುಕಾರನದಲ್ಲ, ಆ ಅಡುಗೆಯವನದು.

ಮನೆಯವರು ಅವನನ್ನು ಈರಸಂಗ ಎಂದು ಕರೆಯುತ್ತಿದ್ದರು. ಅದು ಅವನ ಹೆಸರಲ್ಲ, ಸರಕಾರ ಕೊಟ್ಟು ಕಳಿಸಿದ ಹೆಸರು. ನೋಡಿ, ಅವನು ಗುಪ್ತಚರ. ಗುಪ್ತಚರ ಎಂದ ಕೂಡಲೇ ನಿಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರಲ್ಲ, ಮಾಳಿಗೆಯಿಂದ ಮಾಳಿಗೆಗೆ ಹಾರುವವನು, ಅಂಥವನನ್ನು ನೆನೆಯಬೇಡಿ. ಇವನಿಗೆ ಮೊಣಕಾಲು ನೋವು. ಹನ್ನೆರಡು ವರ್ಷ ಒಲೆಯ ಮುಂದೆ ಕೂತವನು ಎಲ್ಲಿಗೆ ಹಾರುತ್ತಾನೆ?

ಅವನನ್ನು ಯಾಕೆ ಕಳಿಸಿದ್ದರು? ಸಾಹುಕಾರ ಮತ್ತು ಪರದೇಶದ ಆರು ಮಂದಿ ಧನಿಕರು ಸೇರಿ ಒಂದು ಸಂಚು ಹೂಡಿದ್ದರು. ಗೊತ್ತುಮಾಡಿದ ಒಂದು ದಿನ, ಒಂದೇ ತಾಸಿನಲ್ಲಿ, ಏಳು ಜನವೂ ದೇಶದೇಶದ ಬ್ಯಾಂಕುಗಳಿಂದ ತಮ್ಮ ಹಣ ಎಳೆದುಕೊಳ್ಳುವುದು. ಬ್ಯಾಂಕು ಕುಸಿಯಬೇಕು. ಬಡವರು ಕೂಡಿಟ್ಟದ್ದು ಸಂಜೆಯೊಳಗೆ ಬರೀ ಕಾಗದ ಆಗಬೇಕು. ಆಮೇಲೆ ಅವರ ಹೊಲ, ಮನೆ, ಗಿರಣಿಗಳನ್ನು ಇವರು ಪುಕ್ಕಟೆಯ ಹಾಗೆ ಕೊಳ್ಳಬೇಕು. ಇಷ್ಟೆಲ್ಲ ತಿಳಿಯುವುದಕ್ಕೇ ಹತ್ತು ವರ್ಷ ಹಿಡಿಯಿತು. ಯಾವ ದಿನ ಎಂಬುದೊಂದು ಮಾತ್ರ ತಿಳಿಯಲಿಲ್ಲ. ಅರ್ಧ ದಿನ ಮೊದಲು ತಿಳಿದರೂ ಸಾಕು, ಸರಕಾರ ಬ್ಯಾಂಕುಗಳ ಬಾಗಿಲು ಹಾಕಿಸಿ ಕಾಯುತ್ತದೆ. ಆ ಒಂದು ದಿನಕ್ಕಾಗಿ ಮತ್ತೆ ಎರಡು ವರ್ಷ ಬಾಗಿಲು ಬಾಗಿಲಿಗೆ ಕಿವಿ ಹಚ್ಚಿದ.

ಅವನಿಗೆ ಮನಸ್ಸಿನಲ್ಲಿ ಒಂದು ಅಳುಕು ಇತ್ತು. ಈ ಮನೆಯ ಉಪ್ಪು ತಿಂದು ಈ ಮನೆಗೇ ಕೇಡು ಮಾಡುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿಕೊಂಡ. ಬೇಳೆ ಬೆಂದ ಮೇಲೆ, ಉಪ್ಪು ಹಾಕುವ ಮೊದಲು, ತನ್ನ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡುವುದು. ಉಪ್ಪು ತಿನ್ನಲಿಲ್ಲ, ಆದ್ದರಿಂದ ಋಣ ಇಲ್ಲ. ಜಾಣತನ ನೋಡಿ! ಹನ್ನೆರಡು ವರ್ಷ ಸಪ್ಪೆ ಉಂಡ. ಹೆತ್ತ ತಾಯಿ ತೀರಿಕೊಂಡ ಸುದ್ದಿ ಬಜಾರಿನ ಶುಂಠಿ ಮಾರುವವನಿಂದ ಬಂತು, ಅವನೂ ಸರಕಾರದವನೇ. ಅವತ್ತು ಸಾಹುಕಾರನ ಮನೆಯಲ್ಲಿ ಹಬ್ಬ. ಹೋಳಿಗೆ ತಟ್ಟಿದ. ಅಳಲಿಲ್ಲ. ಈರಸಂಗನಿಗೆ ತಾಯಿಯೇ ಇಲ್ಲವಲ್ಲ, ಯಾರಿಗಾಗಿ ಅಳಬೇಕು?

ಸಾಹುಕಾರನ ತಾಯಿ, ದೊಡ್ಡವ್ವ, ಕಣ್ಣು ಕಾಣದ ಮುದುಕಿ. ದಿನವೂ ಅಡುಗೆಮನೆಯ ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ಕೂಡುತ್ತಿದ್ದಳು.

“ಏನೋ ಈರಸಂಗ, ಸಾರು ಮಾಡೀಯೋ, ಬೇಳಿಗೆ ಜಳಕಾ ಮಾಡಿಸೀಯೋ?”

“ನಿಮಗ ಹಲ್ಲಿಲ್ಲಲ್ರಿ ಯವ್ವಾ, ಜಳಕಾ ಮಾಡಿದ ಬೇಳೀನ ಬೇಕು.”

“ಹಲ್ಲಿಲ್ಲೋ ಮೂಳ, ನಾಲಿಗಿ ಐತಿ!”

ಹೀಗೆ ನಡೆದಿತ್ತು. ಒಂದು ದಿನ ಸಾಹುಕಾರ ಅಡುಗೆಮನೆಗೆ ಇಣುಕಿ, “ಈರಸಂಗ, ಇವತ್ತಿಂದ ಮೂರು ದಿನಾ ನನಗ ಉಪ್ಪಿಲ್ಲದ ಅಡಿಗಿ” ಎಂದ. “ಆಗಲ್ರಿ” ಎಂದ ಇವನು. ಸಾಹುಕಾರರಿಗೆ ಬಿ.ಪಿ. ಇರಬೇಕು ಎಂದುಕೊಂಡು ಎರಡು ಬಟ್ಟಲು ತೆಗೆದಿಡತೊಡಗಿದ. ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ಹಚ್ಚಿ ದಣಿದಿದ್ದ, ಎದುರಿಗೇ ಬಂದು ಹೇಳಿದ ಮಾತು ಅವನ ಕಿವಿಗೆ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ದೊಡ್ಡವ್ವ ಕೇಳಿದಳು: “ಎರಡು ಬಟ್ಟಲಾ ತಗದಿ?”

“ಒಂದು ಸಾವಕಾರ್ರದು ರೀ ಯವ್ವಾ.”

“ಅದು ಗೊತ್ತೈತಿ. ಇನ್ನೊಂದು?”

ಅವನ ಕೈಯ ಸೌಟು ಅಲ್ಲೇ ನಿಂತಿತು.

“ನನಗ ಕಣ್ಣಿಲ್ಲ, ಕಿವಿ ಅದಾವ. ಮೊದಲ ನಿನ್ನ ಬಟ್ಟಲಕ್ಕ ಸೌಟು ಬಡೀತೈತಿ, ಆಮ್ಯಾಲ ಉಪ್ಪಿನ ಗಡಿಗಿ ಮುಚ್ಚಳಾ ತಗೀತಿ. ಹನ್ನೆರಡು ವರ್ಷದಾಗ ಒಂದು ದಿನಾನೂ ಹಿಂದ ಮುಂದ ಆಗಿಲ್ಲ. ಉಪ್ಪು ಮುಟ್ಟದಂಗ ಉಣ್ಣಾಂವ ಆ ಮನಿಗೆ ಏನೋ ಮಾಡಾಕ ಬಂದಿರ್ತಾನ.”

ಅವಳು ಒಂದು ಕೂಗು ಹಾಕಿದರೆ ಮುಗಿಯಿತು, ಹೊರಗೆ ಕಾವಲಿನವರು ನಿಂತಿದ್ದಾರೆ. ಅವಳು ಕೂಗಲಿಲ್ಲ. “ನನ್ನ ಮಗ ಮಾಡೂದರಿಂದ ಎಷ್ಟು ಮನಿ ಹಾಳಾಗ್ತಾವ?” ಎಂದು ಕೇಳಿದಳು.

ಹನ್ನೆರಡು ವರ್ಷಗಳಲ್ಲಿ ಅವನು ಆ ಮನೆಯಲ್ಲಿ ಆಡಿದ ಮೊದಲ ನಿಜ ಅದು: “ಎಣಿಸಾಕ ಆಗೂದಿಲ್ರಿ ಯವ್ವಾ.”

ಮುದುಕಿ ಮಣೆಯನ್ನು ಹೊಸ್ತಿಲಿನ ಒಳಕ್ಕೆ ಸರಿಸಿಕೊಂಡಳು. ಆಮೇಲೆ ಹೇಳಿದಳು: “ಇವನ ಅಪ್ಪನೂ ಹಿಂಗ. ದೊಡ್ಡ ವ್ಯವಹಾರ ಇದ್ದಾಗ ಮೂರು ದಿನಾ ಉಪ್ಪು ಬಿಡ್ತಿದ್ದ. ನಾಕನೇ ದಿನಾ ಮುಂಜಾನೆ ಕೈ ಹಾಕ್ತಿದ್ದ. ಇವತ್ತಿಗೆ ಮೂರು ಆತು.”

ನಾಳೆ! ಅವನು ಬಜಾರಿನ ಚೀಲ ಹಿಡಿದು ಎದ್ದ.

“ನಿಂದ್ರು. ನನ್ನ ಮಗನ್ನ ಹಿಡಕೊಡಾಕ ಹೊಂಟೀದಿ. ಬ್ಯಾಡ ಅನ್ನೂದಿಲ್ಲ. ಆದರ ಸಪ್ಪನ ಬಾಯಿಲೆ ಹೋಗಬ್ಯಾಡ. ಈ ಮನೀದು ನನಗೇನೂ ಹತ್ತಿಲ್ಲ ಅಂತ ಕೈ ಝಾಡಿಸಿಕೊಂಡು ಹೋಗಬ್ಯಾಡ. ಉಂಡು ಹೋಗು.”

ತಡವರಿಸಿ ಗಡಿಗೆ ಹುಡುಕಿದಳು. ಅನ್ನ, ಸಾರು, ಉಪ್ಪು ಕಲಸಿ ತುತ್ತು ಮಾಡಿ ಮುಂದೆ ಹಿಡಿದಳು. “ಆ ಹೋಳಿಗಿ ದಿನಾ ನೀ ಉಸಿರು ಬಿಡೂದು ಕೇಳಿದ್ದೆ. ಯಾರು ಹೋಗಿದ್ರೋ?”

“ನಮ್ಮವ್ವ ರೀ.”

“ಉಣ್ಣು.”

ಉಂಡ. ಉಂಡ ಮೇಲೆ ಬಜಾರಿಗೆ ಹೋಗಿ ಶುಂಠಿಯವನಿಗೆ “ನಾಳೆ” ಎಂದ. ಅಷ್ಟೇ. ಆ ಬಜಾರು ಅಷ್ಟು ದೂರ ಎಂದು ಅವನಿಗೆ ಹಿಂದೆಂದೂ ಅನಿಸಿರಲಿಲ್ಲ. ಮರುದಿನ ಬ್ಯಾಂಕುಗಳು ಬಾಗಿಲು ತೆಗೆಯಲಿಲ್ಲ, ಜನರ ದುಡ್ಡು ಉಳಿಯಿತು, ಸಾಹುಕಾರನ ಕೈಗೆ ಬೇಡಿ ಬಿತ್ತು. ಸರಕಾರ ಇವನಿಗೆ ಅವನ ಹೆಸರು ತಿರುಗಿ ಕೊಟ್ಟು, ಇನ್ನು ಮನೆಗೆ ಹೋಗು ಎಂದಿತು.

ಯಾವ ಮನೆಗೆ? ಅವನು ಸಾಹುಕಾರನ ಮನೆಗೇ ಹೋದ. ಕಾವಲಿನವರು, ಆಳುಗಳು ಎಲ್ಲ ಓಡಿಹೋಗಿದ್ದರು. ಒಲೆ ತಣ್ಣಗಿತ್ತು. ಮುದುಕಿ ಮಣೆಯ ಮೇಲೆ ಕೂತಿದ್ದಳು. ಇವನು ಮಾತಾಡದೆ ಒಲೆ ಹೊತ್ತಿಸಿದ. ಬೇಳೆ ಬೆಂದಿತು. ಬಟ್ಟಲಿಗೆ ಸೌಟು ಬಡಿಯಲಿಲ್ಲ. ಗಡಿಗೆಯ ಮುಚ್ಚಳದ ಸದ್ದೊಂದೇ ಆಯಿತು.

“ಈರಸಂಗ ಏನೋ?”

“ಅಲ್ರಿ ಯವ್ವಾ. ನನ್ನ ಹೆಸರು ಶಾಂತಮಲ್ಲ.”

“ಚಲೋ ಹೆಸರು,” ಎಂದಳು. ಆಮೇಲೆ, “ಸಾರು ಮಾಡೀಯೋ, ಬೇಳಿಗೆ ಜಳಕಾ ಮಾಡಿಸೀಯೋ?” ಎಂದಳು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಸಪ್ಪೆ ಬಟ್ಟಲು ಯಾವುದು? “ನಾನು ಬರೀ ಸಹಿ ಮಾಡಿದೆ, ಮಿಕ್ಕಿದ್ದು ಗೊತ್ತಿಲ್ಲ” ಎನ್ನುತ್ತೀರಿ. ಅದು ಬಟ್ಟಲಲ್ಲವೇ? ದಾಯಾದಿಯ ಮನೆಯ ಮದುವೆಗೆ ಹೋಗುತ್ತೀರಿ, ಅಕ್ಕಿಕಾಳು ಹಾಕುತ್ತೀರಿ, ಊಟಕ್ಕೆ ನಿಲ್ಲದೆ ಬರುತ್ತೀರಿ. ಯಾಕೆ? ನಾಳೆ ಅವನ ಮೇಲೆ ದೂರು ಕೊಡುವಾಗ ನಾಲಿಗೆ ತಡೆಯಬಾರದು ಎಂದು. ಅದು ಬಟ್ಟಲಲ್ಲವೇ?

ಅಣ್ಣನ ಮೇಲೆ ಕೋರ್ಟಿಗೆ ಹೋಗಬೇಕಾಗಿದೆಯೇ? ನ್ಯಾಯ ನಿಮ್ಮದಾಗಿದ್ದರೆ ಹೋಗಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮೊದಲು ಅವನ ಮನೆಯಲ್ಲಿ ಕೂತು ಉಣ್ಣಿ. ಉಂಡು, ಅವನ ಮುಖ ನೋಡಿ, “ಅಣ್ಣಾ, ನಾಳೆ ಹೋಗುತ್ತೇನೆ” ಎಂದು ಹೇಳಿ ಹೋಗಿ. ಕಷ್ಟ. ಕಷ್ಟ ಎಂದು ನನಗೂ ಗೊತ್ತು. ಸಪ್ಪೆ ಉಂಡು ಬದುಕುವುದು ಅದಕ್ಕಿಂತ ದಣಿವಿನ ಕೆಲಸ.

ಇಷ್ಟು ಸಾಕು. ಒಳಗೆ ಪ್ರಸಾದಕ್ಕೆ ಪಂಕ್ತಿ ಹಾಕಿದ್ದಾರೆ. ಇಲ್ಲಿ ಕೂತವರಲ್ಲಿ ನೀವು ಮಾತು ಬಿಟ್ಟವರು ಯಾರೆಂದು ನಿಮಗೇ ಗೊತ್ತು. ಎದ್ದು, ಅವರ ಪಕ್ಕದ ಎಲೆಗೆ ಹೋಗಿ ಕೂಡಿರಿ.