ತಿಂಗಳೂರಿನ ಎರಡನೇ ಭಾಗ

ಮಾನ್ಯ ಅಧ್ಯಕ್ಷರಾದ ಮುರುಗೇಶಪ್ಪನವರೇ, ಸನ್ಮಾನದ ಶಾಲು ಹೊದ್ದು ಬೆವರುತ್ತ ಕುಳಿತಿರುವ ಹುಲಿಯಪ್ಪನವರೇ, ಕುರ್ಚಿ ಸಿಕ್ಕವರೇ, ಸಿಗದೆ ನಿಂತವರೇ, ಭದ್ರಾವತಿಯ ಸಮಸ್ತ ಸಭಿಕರೇ,

ಟೆಂಟ್ ಸಿನಿಮಾದ ಬಾಗಿಲಲ್ಲಿ ಇಪ್ಪತ್ತು ವರ್ಷ ಕಡಲೆಕಾಯಿ ಮಾರಿದ ಈ ಪುಷ್ಪಮ್ಮನಿಗೆ ಎರಡು ಮಾತಾಡಲು ಹೇಳಿದ್ದಾರೆ. ಎರಡೇ ಎಂದು ಅಧ್ಯಕ್ಷರು ಎರಡು ಸಲ ಹೇಳಿದ್ದಾರೆ. ಕೂಲಿಮಠದಲ್ಲಿ ಎರಡು ವರ್ಷ ಓದಿದವಳು ನಾನು. ಅಷ್ಟು ಲೆಕ್ಕ ಬರುತ್ತದೆ, ಪಾಲಿಸುವುದು ಬರುವುದಿಲ್ಲ.

ಹುಲಿಯಪ್ಪನವರು ಎಂದರೆ ಬಾಗಿಲಲ್ಲಿ ಟಿಕೆಟು ಹರಿಯುವ ಮುದುಕ ಎಂದಷ್ಟೇ ಇಲ್ಲಿರುವ ಚಿಕ್ಕವರಿಗೆ ಗೊತ್ತು. ಮಾತಿನ ಸಿನಿಮಾ ಬರುವ ಮೊದಲು ಆ ಟೆಂಟಿನ ಮಾತೆಲ್ಲ ಇವರದೇ ಆಗಿತ್ತೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಪರದೆಯ ಮೇಲೆ ಬಿಳಿ ದೊರೆಗಳು ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಪಕ್ಕದಲ್ಲಿ ಕೋಲು ಹಿಡಿದು ನಿಂತು ಇವರು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ನಡುನಡುವೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಅದನ್ನು ಓದಲು ಇವರಿಗೆ ಬರುತ್ತಿರಲಿಲ್ಲ. ಅದರಿಂದ ಕಥೆಗೇನೂ ನಷ್ಟವಾಗಲಿಲ್ಲ. ಒಮ್ಮೆ ದೊರೆಸಾನಿ ಗಳಗಳನೆ ಅತ್ತಾಗ, ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದುಬಿಟ್ಟರು. ನಾವು ನಂಬಿದೆವು.

ಇಪ್ಪತ್ತೆಂಟನೇ ಇಸವಿಯಲ್ಲಿ, ಚಂದ್ರನಿಗೆ ಹಡಗು ಹಾರಿಸುವ ಚಿತ್ರ ಬಂತು. ಚಂದ್ರನಿಗೆ ಹುಲಿಯಪ್ಪನವರು ತಿಂಗಳೂರು ಎಂದು ಹೆಸರಿಟ್ಟರು. ಮಂಗಳೂರು ಇಲ್ಲವೇ, ಬೆಂಗಳೂರು ಇಲ್ಲವೇ, ಹಾಗೆ. ಹಡಗು ನಡೆಸುವವನಿಗೂ ಒಂದು ಹೆಸರು ಬೇಕಾಯಿತು. ಆಟಕ್ಕೆ ಮುಂಚೆ ನನ್ನ ಬುಟ್ಟಿಯ ಹತ್ತಿರ ಬಂದು, "ಒಂದು ಗಂಡಸಿನ ಹೆಸರು ಹೇಳು ಮಾರಾಯ್ತಿ" ಎಂದರು.

ನನ್ನ ನಾಲಿಗೆಯ ತುದಿಯಲ್ಲಿದ್ದದ್ದು ಒಂದೇ ಹೆಸರು. ಅದನ್ನು ನಾನು ಹೇಳುವ ಹಾಗಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವುದುಂಟೇ? "ಬೆಳ್ಳಿಗಿಂತ ಮೇಲಿನದು ಯಾವುದೋ, ಅದಕ್ಕೊಂದು ಅಯ್ಯ ಸೇರಿಸ್ಕೊಳ್ಳಿ" ಎಂದೆ. ಹೊನ್ನಯ್ಯ. ನೋಡಿ, ಈಗ ಹೇಳಿಯೇಬಿಟ್ಟೆ. ವಯಸ್ಸಾದ ಮೇಲೆ ನಾಲಿಗೆಗೆ ಯಾರ ಭಯ?

ನನ್ನ ಯಜಮಾನರು ಇಪ್ಪತ್ತೊಂದನೇ ಇಸವಿಯಲ್ಲಿ ಒಬ್ಬ ಮೇಸ್ತ್ರಿಯ ಜೊತೆ ರಂಗೂನಿಗೆ ಮರದ ಕೆಲಸಕ್ಕೆ ಹೋದವರು. ನಮ್ಮ ಮಗಳು ಪುಟ್ಟಲಕ್ಷ್ಮಿ ಆಗಿನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಏಳು ವರ್ಷ ಒಂದು ಕಾಗದವಿಲ್ಲ. ಆದರೆ ಆ ಚಿತ್ರ ಓಡಿದ ಮೂರು ವಾರವೂ ಟೆಂಟು ತುಂಬ ಜನ ಅವರ ಹೆಸರನ್ನು ಕೂಗಿದರು. ನಾನು ಹೊರಗೆ ಬುಟ್ಟಿಯ ಮುಂದೆ ಕುಳಿತು ಕೇಳಿದೆ. ಕೇಳುವುದಕ್ಕೆ ಯಾರ ಅಡ್ಡಿ?

ಕೊನೆಯಲ್ಲಿ ಹಡಗು ಭೂಮಿಗೆ ಹಿಂತಿರುಗುತ್ತದೆ, ಹೊನ್ನಯ್ಯನೊಬ್ಬ ತಿಂಗಳೂರಿನಲ್ಲೇ ಉಳಿಯುತ್ತಾನೆ. ಕಲ್ಲುಬಂಡೆಯ ಮೇಲೆ ನಿಂತು ಕೈ ಬೀಸುತ್ತಾನೆ. ಅಷ್ಟಕ್ಕೆ ಮುಗಿಯಿತು.

ಮುಂದಿನ ಭಾಗಕ್ಕೆ ಎರಡು ವರ್ಷ ಕಾದೆವು. ಕಾರ್ಖಾನೆಯ ಪಾಳಿ ಬಿಡುವಾಗ ಅದೇ ಮಾತು, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಅದೇ ಮಾತು. ಅವನು ಅಲ್ಲಿ ಉಣ್ಣುವುದೇನು? ಹೊದೆಯುವುದೇನು? ಹುಣ್ಣಿಮೆ ಬಂದರೆ ಜನ ಮೇಲೆ ನೋಡಿ, ಇದ್ದಾನೆ ಇದ್ದಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಕುಲುಮೆಯಲ್ಲಿ ಕೆಲಸ ಮಾಡುವ ಒಬ್ಬ ತಮಿಳಿನವನು, ಅಲ್ಲೇ ಒಬ್ಬಳನ್ನು ಕಟ್ಟಿಕೊಂಡಿರುತ್ತಾನೆ ಬಿಡಿ ಎಂದ. ಆ ವಾರವೆಲ್ಲ ಅವನಿಗೆ ನಾನು ಕೊಟ್ಟದ್ದು ಜೊಳ್ಳು ಕಾಯಿ.

ಎರಡನೇ ಭಾಗ ಮೂವತ್ತನೇ ಇಸವಿಯಲ್ಲಿ ಬಂತು. ಶಿವಮೊಗ್ಗದಿಂದ ರೈಲಿನಲ್ಲಿ ಜನ ಬಂದರು. ನಾನೂ ಬುಟ್ಟಿಗೆ ಗೋಣಿ ಮುಚ್ಚಿ ಒಳಗೆ ಹೋದೆ. ಹಡಗು ಮತ್ತೆ ತಿಂಗಳೂರಿಗೆ ಇಳಿಯಿತು. ಗುಹೆಯೊಳಗಿಂದ ಹೊನ್ನಯ್ಯ ಹೊರಗೆ ಬಂದ. ಬಂದರೆ, ಅವನು ಬೇರೆ ಮನುಷ್ಯ. ಮೂಗು ಬೇರೆ, ನಡಿಗೆ ಬೇರೆ, ಎತ್ತರದಲ್ಲಿ ಒಂದು ಗೇಣು ಕಡಿಮೆ. ಆಗ ಟೆಂಟಿನಲ್ಲಿ ಎದ್ದ ಗಲಾಟೆಯನ್ನು ಏನೆಂದು ಹೇಳಲಿ? ಇವನು ನಮ್ಮ ಹೊನ್ನಯ್ಯನಲ್ಲ ಎಂದು ಬೆಂಚು ಬಡಿದರು. ಕಡಲೆಸಿಪ್ಪೆಯೆಲ್ಲ ಪರದೆಗೆ ಹೋಯಿತು. ಹುಲಿಯಪ್ಪನವರು ಕೋಲೆತ್ತಿ, "ತಿಂಗಳೂರಿನ ನೀರು ಬೇರೆ ಸ್ವಾಮಿ, ಎರಡು ವರ್ಷ ಕುಡಿದು ನೋಡಿ, ನಿಮ್ಮ ಮೂಗೂ ಬದಲಾಗತ್ತೆ" ಎಂದರು.

ಊರು ಎರಡಾಯಿತು. ನೀರಿನ ಪಕ್ಷ, ಮೂಗಿನ ಪಕ್ಷ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತರು. ನಾನು ಮೂಗಿನ ಪಕ್ಷ. ಹಳೆಯವನನ್ನೇ ಕರೆಸಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ.

ನಾಲ್ಕನೆಯ ದಿನ ಬಿಸಿಲಿರುವಾಗಲೇ ಟಿಕೆಟಿಗೆ ಸಾಲು ನಿಂತಿತ್ತು. ಒಬ್ಬರು ನನ್ನ ಬುಟ್ಟಿಯ ಮುಂದೆ ಬಂದು ನಿಂತರು. ತಲೆ ಬೋಳು, ಕೆನ್ನೆ ಒಳಗೆ ಹೋಗಿದೆ, ಎಡಗಾಲು ಕುಂಟು. "ಪುಷ್ಪಾ, ನಾನು ಕಣೇ" ಎಂದರು.

ಗುರುತು ಸಿಗಲಿಲ್ಲ ಎಂದು ಆಮೇಲೆ ಮಗಳಿಗೂ ಹೇಳಿದೆ, ಊರಿಗೂ ಹೇಳಿದೆ. ಸುಳ್ಳು. ಆ ಸ್ವರ ಕೇಳಿದ ಕೂಡಲೇ ಸಿಕ್ಕಿತ್ತು. ಆದರೆ ಒಂಬತ್ತು ವರ್ಷದ ಸಿಟ್ಟು ಅದಕ್ಕಿಂತ ಮುಂದೆ ಓಡಿತು. ಯಾರಮ್ಮ ಇವರು ಎಂದು ಸಾಲಿನಲ್ಲಿದ್ದವರು ಕೇಳಿದರು. "ಎರಡನೇ ಭಾಗದವ್ರು. ಹೆಸರು ಅದೇ, ಮುಖ ಬೇರೆ. ನಮಗೆ ಹಳೆಯವ್ರೇ ಬೇಕು" ಎಂದೆ. ಸಾಲಿಗೆ ಸಾಲೇ ನಕ್ಕಿತು.

ಅವರು ಮಾತಿಗೆ ಮಾತು ಕೊಡುತ್ತಿದ್ದವರು. ಈಗಲೂ ಒಂದು ಕೊಡುತ್ತಾರೆ, ನಾನು ಹತ್ತು ಬೈಯುತ್ತೇನೆ, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಬಿಸಿನೀರು ಕಾಯಿಸುತ್ತೇನೆ ಎಂದುಕೊಂಡಿದ್ದೆ. ಅವರೂ ಸ್ವಲ್ಪ ನಕ್ಕರು. ನಕ್ಕು, ಸ್ಟೇಷನ್ನಿನ ಕಡೆ ನಡೆದರು. ನಾನು ಕಾಯಿ ಅಳೆಯುವ ಪಾವು ಹಿಡಿದುಕೊಂಡು ಕೂತೇ ಇದ್ದೆ.

ಕ್ಷಮಿಸಿ, ಸನ್ಮಾನದ ಸಭೆಯಲ್ಲಿ ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ. ನೀರು ಕೊಡಿ ಸ್ವಲ್ಪ.

ಅವರು ಶಿವಮೊಗ್ಗದಲ್ಲಿದ್ದಾರೆ. ಒಂದು ಮರದ ಮಿಲ್ಲಿನ ಗೇಟು ಕಾಯುತ್ತಾರೆ. ಹತ್ತು ವರ್ಷದಿಂದ ನನಗೆ ಗೊತ್ತು. ಮೂರು ಸಲ ಹೋಗಿದ್ದೇನೆ. ರಸ್ತೆಯ ಈಚೆ ನಿಂತು ನೋಡಿ ಬಂದಿದ್ದೇನೆ. ದಾಟಿ ಹೋಗಿ ಏನು ಹೇಳಲಿ? ನನ್ನ ಬಾಯಿ ನಿಮಗೆಲ್ಲ ಗೊತ್ತು. ಬಾ ಎನ್ನಲು ಹೋದರೂ ಅದು ಬೈಗುಳವಾಗಿಯೇ ಹೊರಗೆ ಬರುತ್ತದೆ.

ಹುಲಿಯಪ್ಪನವರೇ, ನಾಳೆ ಬೆಳಗಿನ ರೈಲಿಗೆ ನೀವು ಶಿವಮೊಗ್ಗಕ್ಕೆ, ನಿಮ್ಮ ಮಗಳ ಮನೆಗೆ ಹೊರಟಿದ್ದೀರಿ. ನಾನೂ ಬರುತ್ತೇನೆ. ಆ ಗೇಟಿನಲ್ಲಿ ಎರಡು ನಿಮಿಷ ನನ್ನ ಪಕ್ಕ ನಿಂತುಕೊಳ್ಳಿ. ನಾನು ಏನೇ ಅಂದರೂ ಅವರಿಗೆ ನೀವು ಅರ್ಥ ಹೇಳಿ. ಹೇಗೆ ಹೇಳಬೇಕೆಂದು ನಿಮಗೆ ಕಲಿಸಬೇಕೇ? ಆದರೆ ಅವರು ಬರುವುದಿಲ್ಲ ಎಂದರೆ ನನಗೆ ಮಾತ್ರ ಏನನ್ನೂ ಸೇರಿಸಬೇಡಿ, ಏನನ್ನೂ ತಿದ್ದಬೇಡಿ. ಅವರು ಹೇಳಿದ್ದು ಹೇಳಿದ ಹಾಗೆಯೇ ನನಗೆ ಬೇಕು.

ಅಡ್ಡ ಮಾತಾಡದೆ ಕೇಳಿದ ಅಧ್ಯಕ್ಷರಿಗೆ, ನಿಂತೇ ಕೇಳಿದ ನಿಮಗೆಲ್ಲರಿಗೆ ನನ್ನ ವಂದನೆಗಳು. ನಾಳೆ ಟೆಂಟಿನ ಬಾಗಿಲಲ್ಲಿ ಕಡಲೆಕಾಯಿ ಇರುವುದಿಲ್ಲ. ನಮಸ್ಕಾರ.